ಒಂದೇ ತಂತಿ, ಎರಡು ದನಿ

ರಾಕ್ ಸಂಗೀತದ ಕಾರ್ಯಕ್ರಮವನ್ನು ವೇದಿಕೆಯ ಹತ್ತಿರ ಕುಳಿತು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಾಡು ನಡೆಯುತ್ತಿರುವಾಗಲೇ ಗಿಟಾರ್ ವಾದಕ ಬಲಗೈಯಿಂದ ಒಂದು ಪುಟ್ಟ ಸ್ವಿಚ್ಚನ್ನು ಟಕ್ಕೆಂದು ತಳ್ಳುತ್ತಾನೆ. ತಂತಿ ಬದಲಾಗಿಲ್ಲ, ಎಡಗೈ ಬೆರಳು ಒತ್ತಿದ ಮೆಟ್ಟಿಲು ಬದಲಾಗಿಲ್ಲ, ಸ್ವರವೂ ಅದೇ. ಆದರೆ ಇಷ್ಟು ಹೊತ್ತು ದುಂಡಗೆ, ಮೆತ್ತಗೆ ಕೇಳುತ್ತಿದ್ದ ದನಿ ಇದ್ದಕ್ಕಿದ್ದಂತೆ ಚೂಪಾಗಿ ಕಿವಿಗೆ ನಾಟುತ್ತದೆ.

ಸ್ವಿಚ್ಚು ಮಾಡಿದ ಕೆಲಸ ಇಷ್ಟೇ. ತಂತಿಗಳ ಕೆಳಗೆ ಕೂರಿಸಿರುವ ಎರಡು ‘ಪಿಕಪ್’ಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆಂಪ್ಲಿಫೈಯರಿಗೆ ಜೋಡಿಸಿತು. ಗಿಟಾರಿನ ಕುತ್ತಿಗೆ ಮುಗಿದು ಒಡಲು ಶುರುವಾಗುವ ಕಡೆ ಇರುವುದು ನೆಕ್ ಪಿಕಪ್. ತಂತಿಗಳು ಕೊನೆಯಲ್ಲಿ ಒರಗಿ ನಿಲ್ಲುವ ಆಸರೆಯನ್ನು ವೀಣೆಯಲ್ಲಿ ನಾವು ಕುದುರೆ ಎನ್ನುತ್ತೇವಲ್ಲ, ಗಿಟಾರಿನಲ್ಲಿ ಅದು ಬ್ರಿಜ್. ಅದರ ಮಗ್ಗುಲಲ್ಲಿರುವುದು ಬ್ರಿಜ್ ಪಿಕಪ್.

ಹೊಸದಾಗಿ ಗಿಟಾರ್ ಕೊಳ್ಳುವವರು ಅಂಗಡಿಯಲ್ಲಿ ತಪ್ಪದೆ ಕೇಳುವ ಪ್ರಶ್ನೆಗಳಿವೆ. ಇವೆರಡರಲ್ಲಿ ಯಾವುದು ಒಳ್ಳೆಯದು? ಒಂದೇ ಪಿಕಪ್ ಇರುವ ಅಗ್ಗದ ಗಿಟಾರ್ ಕೊಂಡರೆ ನಷ್ಟವೇನು? ಮೇಲ್ನೋಟಕ್ಕೆ ಇದು ಕೇವಲ ರುಚಿಯ ಪ್ರಶ್ನೆ ಅನ್ನಿಸಬಹುದು. ಆದರೆ ಇದರ ಹಿಂದೆ ಸ್ವಲ್ಪ ಭೌತಶಾಸ್ತ್ರವಿದೆ. ವಾದ್ಯವೃಂದದಲ್ಲಿ ಗಿಟಾರಿನ ಸ್ಥಾನ ಯಾವುದು, ಪಕ್ಕವಾದ್ಯವೋ ಪ್ರಧಾನ ವಾದ್ಯವೋ ಎಂಬ ಹಳೆಯ ಜಗಳವೂ ಇದೆ.

ಕಿವಿಯಲ್ಲ, ಅಯಸ್ಕಾಂತ

ಪಿಕಪ್ ಎಂದರೆ ಮೈಕ್ ಅಲ್ಲ. ಅದು ಗಾಳಿಯಲ್ಲಿ ಬರುವ ಶಬ್ದವನ್ನು ಹಿಡಿಯುವುದಿಲ್ಲ. ಅದರೊಳಗೆ ಇರುವುದು ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ. ಮೇಲೆ ಉಕ್ಕಿನ ತಂತಿ ಅಲುಗಿದಾಗ ಅಯಸ್ಕಾಂತದ ಕ್ಷೇತ್ರ ಕದಡುತ್ತದೆ; ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ಸೈಕಲ್ಲಿನ ಡೈನಮೋ ದೀಪ ಉರಿಸುವುದೂ ಇದೇ ತತ್ವದ ಮೇಲೆ.

ಹೀಗಾಗಿ ಪಿಕಪ್‌ಗೆ ಉಕ್ಕಿನ ತಂತಿಯೇ ಬೇಕು. ನೈಲಾನ್ ತಂತಿ ಹಾಕಿದರೆ ಅದು ಪೂರ್ತಿ ಕಿವುಡು. ಇನ್ನೊಂದು ಮಾತನ್ನೂ ನೆನಪಿಡಬೇಕು. ಪಿಕಪ್‌ಗೆ ಇಡೀ ತಂತಿಯ ಸುದ್ದಿ ತಿಳಿಯುವುದಿಲ್ಲ. ತನ್ನ ನೆತ್ತಿಯ ಮೇಲೆ ಹಾದುಹೋಗುವ ಒಂದೆರಡು ಬೆರಳಗಲದ ತಂತಿ ಹೇಗೆ ಅಲುಗುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತಾಗುವುದು. ಎರಡು ದನಿಯ ಗುಟ್ಟು ಇಲ್ಲೇ ಇದೆ.

ಹಗ್ಗದಾಟದ ಲೆಕ್ಕ

ಇಬ್ಬರು ಮಕ್ಕಳು ಹಗ್ಗದ ಎರಡು ತುದಿ ಹಿಡಿದು ಬೀಸುವುದನ್ನು ನೆನಪಿಸಿಕೊಳ್ಳಿ. ನಡುವೆ ಹಗ್ಗ ಆಳೆತ್ತರ ಹಾರುತ್ತದೆ. ಕೈಯ ಹತ್ತಿರ ಗೇಣುದ್ದವೂ ಅಲುಗುವುದಿಲ್ಲ. ಗಿಟಾರಿನ ತಂತಿಯೂ ಹಾಗೆಯೇ. ಆದರೆ ತಂತಿ ಒಂದೇ ಬಗೆಯಲ್ಲಿ ಅಲುಗುವುದಿಲ್ಲ. ಇಡಿಯಾಗಿ ಅಲುಗುವಾಗ ಹೊರಡುವುದು ಮೂಲಸ್ವರ. ಅದೇ ಹೊತ್ತಿಗೆ ತಂತಿ ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು ಪಾಲಾಗಿಯೂ ಕಂಪಿಸುತ್ತಿರುತ್ತದೆ. ಅವುಗಳಿಂದ ಹೊರಡುವ ಏರುದನಿಗಳನ್ನು ಉಪಸ್ವರಗಳು ಎನ್ನೋಣ. ತಂಬೂರಿಯ ನಾದದಲ್ಲಿ ಕಿವಿಗೊಟ್ಟು ಕೇಳಿದರೆ ಮೀಟಿದ ಸ್ವರದ ಜೊತೆಗೆ ಬೇರೆ ಸ್ವರಗಳೂ ತೇಲುತ್ತವೆಯಲ್ಲ, ಅವೇ ಇವು.

ಈಗ ಸಣ್ಣ ಲೆಕ್ಕ ಮಾಡೋಣ. ಫೆಂಡರ್ ಕಂಪೆನಿಯ ಪ್ರಸಿದ್ಧ ಗಿಟಾರುಗಳಲ್ಲಿ ತಂತಿಯ ಕಂಪಿಸುವ ಉದ್ದ ಸುಮಾರು 648 ಮಿಲಿಮೀಟರ್. ನೆಕ್ ಪಿಕಪ್ ಬ್ರಿಜ್‌ನಿಂದ ಹೆಚ್ಚುಕಡಿಮೆ 16 ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. ಅಂದರೆ ತಂತಿಯ ಕಾಲು ಭಾಗ. ಬ್ರಿಜ್ ಪಿಕಪ್ ಸುಮಾರು 4 ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. ಅಂದರೆ ಹದಿನಾರರಲ್ಲಿ ಒಂದು ಭಾಗ. ಮೂಲಸ್ವರದಲ್ಲಿ ತಂತಿಯ ನಟ್ಟನಡುವಿನ ಅಲುಗಾಟವನ್ನು 100 ಎಂದು ಎಣಿಸಿದರೆ ನೆಕ್ ಪಿಕಪ್‌ನ ಮೇಲೆ ಅದು ಸುಮಾರು 71, ಬ್ರಿಜ್ ಪಿಕಪ್‌ನ ಮೇಲೆ ಸುಮಾರು 20. ಮೂಲಸ್ವರ ನೆಕ್ ಪಿಕಪ್‌ಗೆ ಮೂರೂವರೆ ಪಟ್ಟು ಹೆಚ್ಚು ದಕ್ಕುತ್ತದೆ ಎಂದಾಯಿತು.

ನಾಲ್ಕು ಪಾಲಾಗಿ ಅಲುಗುವ ಉಪಸ್ವರದ ಕಥೆ ಇದಕ್ಕೆ ತದ್ವಿರುದ್ಧ. ತಂತಿಯ ಕಾಲು ಭಾಗದಲ್ಲಿ ಅದರ ಗಂಟು ಬೀಳುತ್ತದೆ. ಅಲ್ಲಿ ಆ ಉಪಸ್ವರಕ್ಕೆ ಅಲುಗಾಟವೇ ಇಲ್ಲ. ಹಾಗಾಗಿ ತಂತಿಯನ್ನು ಒತ್ತದೆ ಬಿಡಿಯಾಗಿ ಮೀಟಿದಾಗ ನೆಕ್ ಪಿಕಪ್‌ಗೆ ಅದು ಬಹುಮಟ್ಟಿಗೆ ಕೇಳಿಸುವುದಿಲ್ಲ. ಬ್ರಿಜ್ ಪಿಕಪ್‌ಗಾದರೋ ಅದು ತನ್ನ ಪೂರ್ಣ ಬಲದ ನೂರರಲ್ಲಿ 71 ಪಾಲು ಸಿಗುತ್ತದೆ. ಮೂಲಸ್ವರ ಕಡಿಮೆ, ಉಪಸ್ವರ ಹೆಚ್ಚು. ಕಿವಿ ಇದನ್ನೇ ‘ಚೂಪು’ ಎನ್ನುತ್ತದೆ. ಮೂಲಸ್ವರ ಹೆಚ್ಚು, ಉಪಸ್ವರ ಕಡಿಮೆ. ಇದನ್ನು ‘ದುಂಡು’ ಎನ್ನುತ್ತದೆ.

ಹನ್ನೆರಡನೇ ಮೆಟ್ಟಿಲನ್ನು ಒತ್ತಿದರೆ ಇನ್ನೂ ಸ್ವಾರಸ್ಯ. ತಂತಿಯ ಉದ್ದ ಅರ್ಧಕ್ಕೆ ಇಳಿಯುತ್ತದೆ. ನೆಕ್ ಪಿಕಪ್ ಆಗ ಉಳಿದ ತಂತಿಯ ನಟ್ಟನಡುವೆ ಬಂದು ನಿಲ್ಲುತ್ತದೆ. ಮೂಲಸ್ವರ ಪೂರ್ತಿ ಸಿಗುತ್ತದೆ, ಎರಡು ಪಾಲಾಗಿ ಅಲುಗುವ ಉಪಸ್ವರ ಮಾಯವಾಗುತ್ತದೆ. ಮೇಲಿನ ಮೆಟ್ಟಿಲುಗಳಲ್ಲಿ ನೆಕ್ ಪಿಕಪ್‌ನ ದನಿ ಕೊಳಲಿನ ಹತ್ತಿರಕ್ಕೆ ಬರುವುದು ಈ ಕಾರಣದಿಂದ.

ಇದನ್ನೆಲ್ಲ ನಂಬಲು ಎಲೆಕ್ಟ್ರಿಕ್ ಗಿಟಾರೇ ಬೇಕೆಂದಿಲ್ಲ. ಮನೆಯಲ್ಲಿ ಸಾಮಾನ್ಯ ಗಿಟಾರ್ ಇದ್ದರೆ ತಂತಿಯನ್ನು ಮೊದಲು ಕುದುರೆಯ ಪಕ್ಕದಲ್ಲೇ ಮೀಟಿ, ಆಮೇಲೆ ಕುತ್ತಿಗೆಯ ಕಡೆಗೆ ಸರಿದು ಮೀಟಿ. ಮೊದಲನೆಯದು ಕರಕರ, ಎರಡನೆಯದು ಮೃದು. ಮೀಟುವ ಜಾಗಕ್ಕೆ ಅನ್ವಯಿಸುವ ನಿಯಮವೇ ಕೇಳುವ ಜಾಗಕ್ಕೂ ಅನ್ವಯಿಸುತ್ತದೆ.

ಸದ್ದಿಲ್ಲದ ವಾದ್ಯದ ಗೋಳು

ಪಿಕಪ್ ಹುಟ್ಟಿದ್ದು ದನಿಯ ಬಣ್ಣಕ್ಕಾಗಿ ಅಲ್ಲ, ದನಿಗಾಗಿ. 1920ರ ದಶಕದ ಅಮೆರಿಕದ ನೃತ್ಯಮಂದಿರಗಳಲ್ಲಿ ತುತ್ತೂರಿ, ಸ್ಯಾಕ್ಸೊಫೋನ್, ಡ್ರಮ್‌ಗಳ ನಡುವೆ ಗಿಟಾರ್ ಇದ್ದೂ ಇಲ್ಲದಂತಿತ್ತು. ತಾಳಕ್ಕೆ ತಕ್ಕಂತೆ ಒಟ್ಟು ತಂತಿಗಳನ್ನು ಮೀಟುತ್ತಾ ಹಿಂದಿನ ಸಾಲಿನಲ್ಲಿ ಕೂರುವುದಷ್ಟೇ ಗಿಟಾರ್ ವಾದಕನ ಪಾಲಿಗೆ ಬಂದಿದ್ದ ಕೆಲಸ.

ಲಾಸ್ ಏಂಜಲೀಸ್‌ನಲ್ಲಿ ಜಾರ್ಜ್ ಬೋಷಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ 1931-32ರ ಸುಮಾರಿಗೆ ಇದಕ್ಕೆ ಪರಿಹಾರ ಕಂಡುಕೊಂಡರು. ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಹವಾಯಿಯನ್ ಗಿಟಾರಿಗೆ ಕುದುರೆ ಲಾಳದ ಆಕಾರದ ಅಯಸ್ಕಾಂತಗಳ ಪಿಕಪ್ ಜೋಡಿಸಿದರು. ನೋಡಲು ಹಿಡಿಕೆಯುಳ್ಳ ಬಾಣಲೆಯಂತಿದ್ದ ಅದಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂಬ ಅಡ್ಡಹೆಸರೇ ನಿಂತಿತು. 1937ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. (ಹಳೆಯ ವಾದ್ಯಕ್ಕೆ ಪಿಕಪ್ ಹೊಸ ಹಾದಿ ತೆರೆದದ್ದಕ್ಕೆ ನಮ್ಮಲ್ಲೂ ನಿದರ್ಶನವಿದೆ. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಹೆಸರು ಗಳಿಸಿದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಿಂದ.)

ಮಿಷಿಗನ್ ರಾಜ್ಯದ ಕಲಮಝೂನಲ್ಲಿದ್ದ ಗಿಬ್ಸನ್ ಕಂಪೆನಿ 1936ರಲ್ಲಿ ‘ಇಎಸ್-150’ ಎಂಬ ಗಿಟಾರನ್ನು ತಂದಿತು. ಆಂಪ್ಲಿಫೈಯರ್ ಸಹಿತ ಅದರ ಬೆಲೆ ಸುಮಾರು 150 ಡಾಲರ್. ಅದರಲ್ಲಿದ್ದದ್ದು ಒಂದೇ ಪಿಕಪ್. ಅದನ್ನು ಕೂರಿಸಿದ್ದು ಕುತ್ತಿಗೆಯ ಬಳಿ. ಟೊಳ್ಳು ಒಡಲಿನ ಹಳೆಯ ಗಿಟಾರಿನ ಮೃದು ದನಿಗೆ ಹತ್ತಿರವಾದ ದನಿ ಅಲ್ಲಿ ಸಿಗುತ್ತಿತ್ತು.

ಈ ವಾದ್ಯವನ್ನು ಕೈಗೆತ್ತಿಕೊಂಡವನು ಚಾರ್ಲಿ ಕ್ರಿಶ್ಚಿಯನ್ ಎಂಬ ಕಪ್ಪು ತರುಣ. 1939ರಲ್ಲಿ ಆತ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್‌ನ ತಂಡ ಸೇರಿದ. ಪಕ್ಕದಲ್ಲಿ ಕುಳಿತು ತಾಳ ಹಿಡಿಯುವ ಬದಲು ಸ್ಯಾಕ್ಸೊಫೋನ್ ವಾದಕನಂತೆ ಉದ್ದುದ್ದ ಸ್ವರಮಾಲಿಕೆಗಳನ್ನು ಒಂದೊಂದೇ ತಂತಿಯಲ್ಲಿ ಹರಿಸಿದ. ಜಾಝ್ ಕೇಳುಗರ ಕಿವಿಯಲ್ಲಿ ಗಿಟಾರ್ ಪ್ರಧಾನ ವಾದ್ಯವಾದದ್ದು ಬಹುಮಟ್ಟಿಗೆ ಅವನಿಂದ. ಕ್ಷಯರೋಗದಿಂದ 1942ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 25 ವರ್ಷ. ಮೂರು ವರ್ಷಕ್ಕೂ ಕಡಿಮೆ ಅವಧಿಯ ಆ ಕೆಲಸದ ಗುರುತು ಇಂದಿಗೂ ಉಳಿದಿದೆ. ಕುತ್ತಿಗೆ ಕಡೆಯ ಆ ಪಿಕಪ್‌ನ ಮಾದರಿಯನ್ನು ಇಂದಿಗೂ ‘ಚಾರ್ಲಿ ಕ್ರಿಶ್ಚಿಯನ್ ಪಿಕಪ್’ ಎಂದೇ ಕರೆಯುತ್ತಾರೆ. ಜಾಝ್ ಗಿಟಾರ್ ಎಂದರೆ ನೆಕ್ ಪಿಕಪ್ ಎಂಬ ವಾಡಿಕೆಯೂ ಅಲ್ಲಿಂದಲೇ ಬೇರೂರಿತು.

ರೇಡಿಯೊ ರಿಪೇರಿಯವನ ಗಿಟಾರು

ಇದಕ್ಕೆ ಎದುರು ದಿಕ್ಕಿನಿಂದ ಬಂದವನು ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದ ಲಿಯೋ ಫೆಂಡರ್. ಮೂಲತಃ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವನು. ಸ್ವತಃ ಗಿಟಾರ್ ವಾದಕನಲ್ಲ. 1940ರ ದಶಕದಲ್ಲಿ ಹವಾಯಿಯನ್ ಗಿಟಾರುಗಳನ್ನೂ ಆಂಪ್ಲಿಫೈಯರುಗಳನ್ನೂ ತಯಾರಿಸುತ್ತಿದ್ದ. ಆ ಗಿಟಾರಿನ ಮಿಂಚುವ, ಕತ್ತರಿಸುವಂಥ ದನಿ ಅವನ ಕಿವಿಯಲ್ಲಿತ್ತು. 1950ರಲ್ಲಿ ಟೊಳ್ಳಿಲ್ಲದ, ಗಟ್ಟಿ ಮರದ ಹಲಗೆಯಿಂದ ಆತ ಮಾಡಿದ ‘ಎಸ್ಕ್ವೈರ್’ ಗಿಟಾರಿಗೆ ಒಂದೇ ಪಿಕಪ್. ಅದನ್ನು ಇಟ್ಟದ್ದು ಬ್ರಿಜ್‌ನ ಮಗ್ಗುಲಲ್ಲಿ, ಸ್ವಲ್ಪ ಓರೆಯಾಗಿ. ಸಣ್ಣ ತಂತಿಗಳು ಬ್ರಿಜ್‌ಗೆ ಇನ್ನಷ್ಟು ಹತ್ತಿರದಲ್ಲಿ ಕೇಳಿಸಿ ಹೆಚ್ಚು ಹೊಳೆಯಲಿ, ದಪ್ಪ ತಂತಿಗಳು ತುಸು ದೂರದಲ್ಲಿ ಕೇಳಿಸಿ ತಮ್ಮ ತೂಕ ಉಳಿಸಿಕೊಳ್ಳಲಿ ಎಂಬಂತೆ.

ಅದೇ ವರ್ಷ ಎರಡು ಪಿಕಪ್‌ಗಳ ‘ಬ್ರಾಡ್‌ಕಾಸ್ಟರ್’ ಬಂತು. ಗ್ರೆಚ್ ಕಂಪೆನಿಯ ಡ್ರಮ್‌ಗಳಿಗೆ ಅಂಥದೇ ಹೆಸರಿದ್ದುದರಿಂದ ತಕರಾರು ಎದ್ದು, 1951ರಲ್ಲಿ ಅದು ‘ಟೆಲಿಕಾಸ್ಟರ್’ ಆಯಿತು. ಸರಳ ಎಲೆಕ್ಟ್ರಿಕ್ ಗಿಟಾರಿಗೆ ಇಂದಿಗೂ ಇದೇ ಮಾದರಿ: ಒಂದು ಹಲಗೆ, ಎರಡು ಪಿಕಪ್, ಒಂದು ಸ್ವಿಚ್ಚು, ದನಿಯ ಪ್ರಮಾಣಕ್ಕೊಂದು, ಬಣ್ಣಕ್ಕೊಂದು ತಿರುಗುಗುಂಡಿ.

ಕುತೂಹಲದ ಸಂಗತಿಯೆಂದರೆ, 1952ರಿಂದ 1967ರವರೆಗೆ ಈ ಗಿಟಾರಿನ ಮೂರು ಹಂತದ ಸ್ವಿಚ್ಚಿನಲ್ಲಿ ಎರಡೂ ಪಿಕಪ್‌ಗಳನ್ನು ಒಟ್ಟಿಗೆ ಕೇಳುವ ಅವಕಾಶವೇ ಇರಲಿಲ್ಲ. ಒಂದು ಹಂತದಲ್ಲಿ ಬ್ರಿಜ್ ಪಿಕಪ್, ನಡುವಿನಲ್ಲಿ ನೆಕ್ ಪಿಕಪ್, ಮೂರನೆಯದರಲ್ಲಿ ನೆಕ್ ಪಿಕಪ್‌ನದೇ ಏರುದನಿಗಳನ್ನು ಪೂರ್ತಿ ಸೋಸಿ ತೆಗೆದ ಮಂಕು ದನಿ. ಬಾಸ್ ವಾದ್ಯದ ಕೆಲಸವನ್ನೂ ಗಿಟಾರಿನಿಂದಲೇ ತೆಗೆಯುವವರಿಗೆ ಆ ಮೂರನೆಯ ಹಂತ. ಅಂದರೆ ಒಂದೊಂದು ಹಂತಕ್ಕೂ ಒಂದೊಂದು ನೌಕರಿಯನ್ನು ಕಾರ್ಖಾನೆಯಲ್ಲೇ ಗೊತ್ತು ಮಾಡಲಾಗಿತ್ತು.

ಹೆಸರು ಬರೆದವರು ಯಾರು?

ಗಿಬ್ಸನ್ ಕಂಪೆನಿ ಇದನ್ನು ಬಾಯಿಬಿಟ್ಟೇ ಹೇಳಿತು. 1952ರಲ್ಲಿ ಅದು ಗಿಟಾರ್ ವಾದಕ ಲೆಸ್ ಪಾಲ್ ಹೆಸರಿನಲ್ಲಿ ಎರಡು ಪಿಕಪ್‌ಗಳ ಗಟ್ಟಿ ಗಿಟಾರನ್ನು ತಂದಿತು. ಅದರ ಸ್ವಿಚ್ಚಿನ ಸುತ್ತ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಎರಡು ಪದಗಳನ್ನು ಅಚ್ಚು ಹಾಕುವುದು ರೂಢಿಯಾಯಿತು. ನೆಕ್ ಪಿಕಪ್‌ನ ಕಡೆಗೆ ‘ರಿದಂ’, ಬ್ರಿಜ್ ಪಿಕಪ್‌ನ ಕಡೆಗೆ ‘ಟ್ರೆಬಲ್’. ಮೊದಲನೆಯದು ಒಂದು ಕೆಲಸದ ಹೆಸರು, ಎರಡನೆಯದು ಒಂದು ದನಿಯ ಹೆಸರು. ಗಾಯಕನ ಹಿಂದೆ ತಾಳ ಹಿಡಿಯುವಾಗ ಮೆತ್ತಗಿರು, ನಿನ್ನ ಸರದಿ ಬಂದಾಗ ಸ್ವಿಚ್ಚು ಕೆಳಗೆ ತಳ್ಳಿ ಚೂಪಾಗು ಎಂಬುದು ಅದರ ತಾತ್ಪರ್ಯ.

ಸಾಧನೆ ಮಾಡಿದವರು ಈ ಬರಹವನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಾಗೆ ನೋಡಿದರೆ ಚಾರ್ಲಿ ಕ್ರಿಶ್ಚಿಯನ್ ಗಿಟಾರನ್ನು ಪಕ್ಕವಾದ್ಯದ ಕುರ್ಚಿಯಿಂದ ಎಬ್ಬಿಸಿದ್ದೇ ಇವರು ‘ರಿದಂ’ ಎಂದು ಹೆಸರಿಟ್ಟ ಜಾಗದ ಪಿಕಪ್‌ನಿಂದ. ಅದಕ್ಕೆ ಸರಿಯಾಗಿ ಎದುರಿನ ಉದಾಹರಣೆ ಲೂಥರ್ ಪರ್ಕಿನ್ಸ್‌ನದು. 1950ರ ದಶಕದ ನಡುವೆ ಮೆಂಫಿಸ್ ನಗರದಲ್ಲಿ ಗಾಯಕ ಜಾನಿ ಕ್ಯಾಶ್‌ನ ಹಿಂದೆ ನುಡಿಸುತ್ತಿದ್ದ ಈತನ ಕೈಯಲ್ಲಿ ಇದ್ದದ್ದು ಎಸ್ಕ್ವೈರ್. ಅಂದರೆ ಬ್ರಿಜ್ ಪಿಕಪ್ ಒಂದೇ. ಅಂಗೈಯ ಅಂಚಿನಿಂದ ತಂತಿಗಳನ್ನು ತುಸು ಅದುಮಿ, ರೈಲು ಹಳಿಯ ಮೇಲೆ ಓಡುವಂಥ ಒಂದೇ ಗತಿಯ ತಾಳವನ್ನು ಆತ ಹೊರಡಿಸುತ್ತಿದ್ದ. ‘ಮುಂದೆ ಬಾ’ ಎಂದು ಮಾಡಿದ ಪಿಕಪ್ ಅವನ ಕೈಯಲ್ಲಿ ಅಚ್ಚುಕಟ್ಟಾದ ಪಕ್ಕವಾದ್ಯವಾಯಿತು.

ಅಗ್ಗದ ಗಿಟಾರಿನ ಕಥೆಯೂ ಹೀಗೆಯೇ. 1954ರಲ್ಲಿ ಗಿಬ್ಸನ್ ಕಲಿಯುವ ಹುಡುಗರಿಗೆಂದು ‘ಲೆಸ್ ಪಾಲ್ ಜೂನಿಯರ್’ ತಂದಿತು. ಅಲಂಕಾರವಿಲ್ಲ, ಸ್ವಿಚ್ಚಿಲ್ಲ, ಬ್ರಿಜ್ ಬಳಿ ಒಂದೇ ಪಿಕಪ್. ಖರ್ಚು ಉಳಿಸಲು ನೆಕ್ ಪಿಕಪ್ ಕೈಬಿಟ್ಟರೆಂಬುದು ಸ್ಪಷ್ಟ. ಆದರೆ 1970ರ ಹೊತ್ತಿಗೆ ‘ಮೌಂಟನ್’ ತಂಡದ ಲೆಸ್ಲಿ ವೆಸ್ಟ್ ಅದೇ ವಿದ್ಯಾರ್ಥಿ ಗಿಟಾರಿನಿಂದ ಭಾರಿ ದಪ್ಪ ದನಿ ಹೊರಡಿಸಿ ಹೆಸರಾದ. ಬ್ರಿಜ್ ಪಿಕಪ್ ಎಂದರೆ ಬರೀ ಕೀರಲು ಎನ್ನುವವರಿಗೆ ಅವನ ಧ್ವನಿಮುದ್ರಿಕೆಗಳೇ ಉತ್ತರ.

ಕಂಪೆನಿಗಳೂ ಕೊನೆಗೆ ವಾದಕರ ಮಾತು ಕೇಳಬೇಕಾಯಿತು. 1967ರಲ್ಲಿ ಟೆಲಿಕಾಸ್ಟರಿನ ನಡುಹಂತಕ್ಕೆ ಎರಡೂ ಪಿಕಪ್‌ಗಳ ಜಂಟಿ ದನಿ ಬಂತು. ಫೆಂಡರ್‌ನ ಮೂರು ಪಿಕಪ್‌ಗಳ ‘ಸ್ಟ್ರಾಟೊಕಾಸ್ಟರ್’ 1954ರಲ್ಲಿ ಬಂದಾಗ ಅದಕ್ಕಿದ್ದದ್ದು ಮೂರೇ ಹಂತದ ಸ್ವಿಚ್ಚು. ವಾದಕರು ಅದನ್ನು ಎರಡು ಹಂತಗಳ ನಡುವೆ ಉಪಾಯದಿಂದ ನಿಲ್ಲಿಸಿ ಎರಡು ಪಿಕಪ್‌ಗಳ ಬೆರಕೆ ದನಿ ತೆಗೆಯುತ್ತಿದ್ದರು. 1977ರಲ್ಲಿ ಕಂಪೆನಿಯೇ ಐದು ಹಂತದ ಸ್ವಿಚ್ಚು ಹಾಕಿಕೊಟ್ಟಿತು.

ಹಾಗಾದರೆ ಆಯ್ಕೆ ಹೇಗೆ?

ಕೋಣೆಯಲ್ಲಿ ಒಬ್ಬರೇ ಕುಳಿತು ನುಡಿಸಿದರೆ ಹೆಚ್ಚಿನವರಿಗೆ ನೆಕ್ ಪಿಕಪ್ ಹಿತವೆನಿಸುತ್ತದೆ. ತುಂಬಿದ ದನಿ, ಕಿವಿಗೆ ಕಿರಿಕಿರಿಯಿಲ್ಲ. ಬ್ರಿಜ್ ಪಿಕಪ್ ಬಡಕಲು ಎನಿಸುತ್ತದೆ. ಇದನ್ನೇ ನಂಬಿ ತಂಡದ ಜೊತೆ ನುಡಿಸಲು ಹೋದವರಿಗೆ ಆಶ್ಚರ್ಯ ಕಾದಿರುತ್ತದೆ. ಬಾಸ್ ಗಿಟಾರ್, ಕೀಬೋರ್ಡ್, ಡ್ರಮ್‌ಗಳು ಕೆಳದನಿಯ ಜಾಗವನ್ನು ಆಗಲೇ ತುಂಬಿಬಿಟ್ಟಿರುತ್ತವೆ. ನೆಕ್ ಪಿಕಪ್‌ನ ದುಂಡು ದನಿ ಅವುಗಳಲ್ಲಿ ಕರಗಿಹೋಗುತ್ತದೆ. ಒಂಟಿಯಾಗಿ ಕೇಳಿದಾಗ ಕರ್ಕಶವೆನಿಸಿದ ಬ್ರಿಜ್ ಪಿಕಪ್ ಆಗ ಎಲ್ಲವನ್ನೂ ಸೀಳಿಕೊಂಡು ಸಭಿಕರನ್ನು ಮುಟ್ಟುತ್ತದೆ. ಆದ್ದರಿಂದ ‘ಯಾವುದು ಚೆನ್ನಾಗಿದೆ’ ಎನ್ನುವುದಕ್ಕಿಂತ ‘ಜೊತೆಗೆ ಯಾರಿದ್ದಾರೆ’ ಎಂದು ಕೇಳಿಕೊಳ್ಳುವುದು ಮೇಲು. ಗಾಯಕಿಯ ಜೊತೆ ಗಿಟಾರ್ ಒಂದೇ ಇದ್ದರೆ ನೆಕ್ ಪಿಕಪ್ ಇಬ್ಬರಿಗೂ ಆಸರೆಯಾಗುತ್ತದೆ. ಗದ್ದಲದ ತಂಡದಲ್ಲಿ ಬ್ರಿಜ್ ಪಿಕಪ್ ದಾರಿ ಮಾಡಿಕೊಡುತ್ತದೆ. ಇನ್ನೊಬ್ಬ ಗಿಟಾರ್ ವಾದಕನೂ ಇದ್ದರೆ, ಅವನು ಒಂದನ್ನು ಹಿಡಿದಾಗ ನೀವು ಇನ್ನೊಂದನ್ನು ಹಿಡಿಯುವುದು ಜಾಣತನ.

ದನಿಯನ್ನು ಬೇಕೆಂದೇ ಒಡೆಯುವ ‘ಡಿಸ್ಟಾರ್ಷನ್’ ಬಳಸುವಾಗ ಈ ವ್ಯತ್ಯಾಸ ಮತ್ತಷ್ಟು ಎದ್ದುಕಾಣುತ್ತದೆ. ಹಲವು ತಂತಿಗಳನ್ನು ಒಟ್ಟಿಗೆ ಮೀಟಿದರೆ ನೆಕ್ ಪಿಕಪ್‌ನಲ್ಲಿ ಕೆಳದನಿಗಳು ಒಂದಕ್ಕೊಂದು ಕಲಸಿಕೊಂಡು ಕೆಸರಾಗುತ್ತವೆ. ಬ್ರಿಜ್ ಪಿಕಪ್‌ನಲ್ಲಿ ತಂತಿಗಳು ಬಿಡಿಬಿಡಿಯಾಗಿ ಕೇಳುತ್ತವೆ. ಒಂದೇ ತಂತಿಯಲ್ಲಿ ಎಳೆದೆಳೆದು ಹಾಡುವಂತೆ ನುಡಿಸುವುದಾದರೆ ನೆಕ್ ಪಿಕಪ್‌ಗೆ ಸಾಟಿಯಿಲ್ಲ.

ಬ್ರಿಜ್ ಪಿಕಪ್ ಇಟ್ಟುಕೊಂಡು ಟೋನ್ ಗುಂಡಿ ತಿರುಗಿಸಿದರೆ ನೆಕ್ ಪಿಕಪ್‌ನ ದನಿ ಬರುವುದಿಲ್ಲವೇ ಎಂದು ಕೇಳುವವರುಂಟು. ಸಾಮಾನ್ಯ ಗಿಟಾರಿನ ಟೋನ್ ಗುಂಡಿಗೆ ಗೊತ್ತಿರುವುದು ಕಳೆಯುವ ಲೆಕ್ಕ ಮಾತ್ರ. ಅದು ಏರುದನಿಗಳನ್ನು ಕಡಿಮೆ ಮಾಡೀತು. ಪಿಕಪ್‌ಗೆ ಸಿಗದ ಮೂಲಸ್ವರವನ್ನು ಎಲ್ಲಿಂದಲೋ ತಂದುಕೊಡಲಾರದು. ದನಿ ಮಂಕಾಗುತ್ತದೆ, ಆದರೆ ದುಂಡಾಗುವುದಿಲ್ಲ.

ಎರಡೂ ಪಿಕಪ್ ಇರುವವರು ಒಂದು ಸಣ್ಣ ಕೆಲಸ ಮಾಡಬಹುದು. ಪಿಕಪ್‌ನ ಇಕ್ಕೆಲದ ತಿರುಪುಗಳನ್ನು ತಿರುಗಿಸಿ ಎತ್ತರ ಸರಿಮಾಡಿಕೊಳ್ಳಬೇಕು. ಕುತ್ತಿಗೆಯ ಕಡೆ ತಂತಿ ಹೆಚ್ಚು ಅಲುಗುವುದರಿಂದ ನೆಕ್ ಪಿಕಪ್ ತುಸು ಕೆಳಗಿರಲಿ; ಬ್ರಿಜ್ ಪಿಕಪ್ ತುಸು ಮೇಲಿರಲಿ. ಸ್ವಿಚ್ಚು ತಳ್ಳಿದಾಗ ದನಿಯ ಬಣ್ಣ ಬದಲಾಗಬೇಕೇ ಹೊರತು ಜೋರು ಬದಲಾಗಬಾರದು. ನೆಕ್ ಪಿಕಪ್ಪನ್ನು ತೀರಾ ಮೇಲೆತ್ತಿದರೆ ಅಯಸ್ಕಾಂತ ತಂತಿಯನ್ನೇ ಸೆಳೆದು ಶ್ರುತಿ ನಡುಗುತ್ತದೆ.

ಒಂದೇ ಪಿಕಪ್ ಕೊಳ್ಳಲು ಮಾತ್ರ ಹಣವಿರುವ ವಿದ್ಯಾರ್ಥಿ ನಿರಾಶನಾಗಬೇಕಿಲ್ಲ. ಬ್ರಿಜ್ ಪಿಕಪ್ ಒಂದೇ ಇದ್ದರೆ ಕುತ್ತಿಗೆಯ ಬುಡದಲ್ಲಿ ಮೀಟಿದರೆ ದನಿ ದುಂಡಾಗುವತ್ತ ವಾಲುತ್ತದೆ. ಬ್ರಿಜ್ ಬಳಿ ಸರಿದರೆ ಚೂಪಾಗುತ್ತದೆ. ಉಗುರಿನ ಬದಲು ಬೆರಳಿನ ತುದಿ ಬಳಸಿದರೆ ಇನ್ನೊಂದು ಬಣ್ಣ. ಲೂಥರ್ ಪರ್ಕಿನ್ಸ್ ಮಾಡಿದ್ದೂ ಇಂಥದೇ. ಅವನು ಅಂಗೈಯನ್ನೇ ಸ್ವಿಚ್ಚು ಮಾಡಿಕೊಂಡಿದ್ದ. ಎರಡನೆಯ ಪಿಕಪ್ ಸೌಕರ್ಯವೇ ನಿಜ. ಆದರೆ ಸುತ್ತಲಿನವರನ್ನು ಕೇಳಿಸಿಕೊಂಡು ತನ್ನ ದನಿಯ ಜಾಗ ಹುಡುಕಿಕೊಳ್ಳುವ ಕೆಲಸವನ್ನು ಯಾವ ಕಾರ್ಖಾನೆಯೂ ಗಿಟಾರಿನೊಳಗೆ ಕೂರಿಸಿ ಕೊಡುವುದಿಲ್ಲ.